ವ್ಯಂಗ್ಯಚಿತ್ರದ ಮೂಲಪ್ರತಿ ಯಾರದು?

ಮುಂಬಯಿ, ಪುಣೆಗಳ ಕನ್ನಡಿಗರ ಮನೆಗಳಲ್ಲಿ ಆರ್. ಕೆ. ಲಕ್ಷ್ಮಣರ ಚಿತ್ರಗಳನ್ನು ಪತ್ರಿಕೆಯಿಂದ ಕತ್ತರಿಸಿ ಹಳೆಯ ನೋಟುಬುಕ್ಕಿಗೆ ಅಂಟಿಸಿಡುವ ಅಭ್ಯಾಸ ಒಂದು ಕಾಲಕ್ಕೆ ಅಪರೂಪವಾಗಿರಲಿಲ್ಲ. ಹಳದಿಗಟ್ಟಿದ ಆ ಪುಟಗಳನ್ನು ಇಂದು ಮಾರಲು ಹೊರಟರೆ ರದ್ದಿಯ ಬೆಲೆಯೂ ದಕ್ಕಲಾರದು. ಆದರೆ ಅದೇ ಚಿತ್ರವನ್ನು ಲಕ್ಷ್ಮಣರು ಕುಂಚದಿಂದ ಬರೆದ ಹಾಳೆ ಯಾರದಾದರೂ ಪೆಟ್ಟಿಗೆಯಿಂದ ಹೊರಬಂದರೆ ಮಾತೇ ಬೇರೆ. ಗೆರೆ ಅದೇ, ವಿನೋದವೂ ಅದೇ. ಬೆಲೆ ಮಾತ್ರ ಒಂದಲ್ಲ. ಹಾಗಾದರೆ ಆ ಹಾಳೆಯನ್ನು ಮಾರುವ ಹಕ್ಕು ಯಾರದು, ಬಂದ ಹಣದಲ್ಲಿ ಬರೆದ ಕೈಗೆ ಪಾಲಿದೆಯೆ ಎಂಬ ಪ್ರಶ್ನೆಗೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ.

ಮೊದಲು ಆ ಹಾಳೆಯ ಸ್ವರೂಪವನ್ನು ತಿಳಿಯಬೇಕು. ಅಚ್ಚುಮೊಳೆಯ ಕಾಲದಲ್ಲಿ ವ್ಯಂಗ್ಯಚಿತ್ರಕಾರನು ಅಚ್ಚಾಗುವ ಅಳತೆಗಿಂತ ದೊಡ್ಡದಾಗಿ, ದಪ್ಪ ಕಾಗದದ ಮೇಲೆ ಕಪ್ಪು ಶಾಯಿಯಲ್ಲಿ ಚಿತ್ರ ಬರೆಯುತ್ತಿದ್ದ. ತಪ್ಪಿದ ಗೆರೆಯ ಮೇಲೆ ಬಿಳಿ ಬಣ್ಣ ಬಳಿಯುತ್ತಿದ್ದ. ತಿಳಿನೀಲಿ ಪೆನ್ಸಿಲ್ಲಿನ ಗುರುತುಗಳನ್ನು ಕ್ಯಾಮೆರಾ ಹಿಡಿಯದಾದ್ದರಿಂದ ಅವನ್ನು ಅಳಿಸುವ ಗೋಜಿಗೂ ಹೋಗುತ್ತಿರಲಿಲ್ಲ. ಹಾಳೆಯ ಛಾಯಾಚಿತ್ರ ತೆಗೆದು, ಕುಗ್ಗಿಸಿ, ಸತುವಿನ ಬ್ಲಾಕು ಮಾಡಿದ ಮೇಲೆ ಪತ್ರಿಕೆಗೆ ಅದರ ಅಗತ್ಯ ತೀರಿತು. ಓದುಗನ ಕೈಗೆ ಬಂದ ಮುದ್ರಿತ ಚಿತ್ರವೇ ಕೃತಿ. ಮೂಲಪ್ರತಿಯೆಂಬುದು ಅದರ ಕಚ್ಚಾ ಸಾಮಗ್ರಿ. ಕೆಲಸ ಮುಗಿದ ಹಾಳೆ ಕಪಾಟಿನಲ್ಲಿ ಉಳಿಯಿತೋ, ಗೆಳೆಯರ ಮನೆಗೆ ಹೋಯಿತೋ, ಕಸದ ಬುಟ್ಟಿ ಸೇರಿತೋ ಎಂದು ಲೆಕ್ಕವಿಟ್ಟವರು ಕಡಿಮೆ. ಇಂದಿನ ಹರಾಜುಗಳ ಜಗಳಕ್ಕೆ ಬೀಜ ಬಿದ್ದದ್ದು ಈ ಅಲಕ್ಷ್ಯದಲ್ಲಿಯೇ.

ಕೌತುಕದ ಸಂಗತಿಯೆಂದರೆ, ಮರುಮಾರಾಟದಲ್ಲಿ ಕಲಾವಿದನಿಗೆ ಪಾಲು ಸಲ್ಲಬೇಕೆಂಬ ವಾದಕ್ಕೆ ಬಲ ತಂದುಕೊಟ್ಟವನೂ ಒಬ್ಬ ವ್ಯಂಗ್ಯಚಿತ್ರಕಾರನೇ. ಫ್ರಾನ್ಸಿನ ಮಿಲೆ ಎಂಬ ಚಿತ್ರಕಾರ ‘ಏಂಜೆಲಸ್’ ಎಂಬ ತನ್ನ ವರ್ಣಚಿತ್ರವನ್ನು ಸಾವಿರ ಫ್ರಾಂಕಿನ ಆಸುಪಾಸಿಗೆ ಮಾರಿದ್ದ. ಅವನು 1875ರಲ್ಲಿ ತೀರಿಕೊಂಡ. 1889ರ ಹರಾಜಿನಲ್ಲಿ ಅದೇ ಚಿತ್ರದ ಬೆಲೆ 5,53,000 ಫ್ರಾಂಕಿಗೆ ಏರಿತು. ಅವನ ಮನೆಯವರಿಗೆ ಅದರಲ್ಲಿ ಬಿಡಿಗಾಸೂ ಬರಲಿಲ್ಲ. ಇಂಥ ಅನ್ಯಾಯವನ್ನು ಫೋರೆನ್ ಎಂಬ ವ್ಯಂಗ್ಯಚಿತ್ರಕಾರ ಒಂದೇ ಚಿತ್ರದಲ್ಲಿ ಹಿಡಿದಿಟ್ಟ. ಒಳಗೆ ಸಿರಿವಂತರ ನಡುವೆ ಹರಾಜು ಸಾಗಿದೆ. ಹೊರಗೆ ಚಿಂದಿ ಉಟ್ಟ ಇಬ್ಬರು ಮಕ್ಕಳು ಅಲ್ಲಿ ಮಾರಾಟವಾಗುತ್ತಿರುವುದು ತಮ್ಮ ಅಪ್ಪನ ಚಿತ್ರವೆಂದು ಗುರುತಿಸುತ್ತಿದ್ದಾರೆ. 1920ರ ಮೇ ತಿಂಗಳಲ್ಲಿ ಫ್ರಾನ್ಸ್ ಮರುಮಾರಾಟದ ಹಕ್ಕನ್ನು ಶಾಸನವಾಗಿಸಿತು. ಆ ಶಾಸನದ ಕಥೆ ಹೇಳುವವರು ಈ ವ್ಯಂಗ್ಯಚಿತ್ರವನ್ನು ನೆನೆಯದೆ ಮುಂದೆ ಹೋಗುವುದಿಲ್ಲ.

ಶಾಸನ ಬಂದ ಮೇಲೆ ಎಲ್ಲವೂ ಸರಿಹೋಯಿತೆ? ಅದೇ ಪ್ಯಾರಿಸ್ಸಿನಲ್ಲಿ 2021ರ ಜನವರಿ 14ರಂದು ಆರ್ಟ್‌ಕ್ಯೂರಿಯಲ್ ಸಂಸ್ಥೆ ನಡೆಸಿದ ಹರಾಜನ್ನು ನೋಡಬಹುದು. ಟಿನ್‌ಟಿನ್‌ನ ಸೃಷ್ಟಿಕರ್ತ, ಬೆಲ್ಜಿಯಮ್ಮಿನ ಹೆರ್ಜೆ, ‘ದ ಬ್ಲೂ ಲೋಟಸ್’ ಪುಸ್ತಕದ ಹೊದಿಕೆಗೆಂದು 1936ರಲ್ಲಿ ಬರೆದ ಚಿತ್ರ ಅಂದು ಮಾರಾಟಕ್ಕಿತ್ತು. ಕಪ್ಪು ಹಿನ್ನೆಲೆಯಲ್ಲಿ ಕೆಂಪು ಡ್ರ್ಯಾಗನ್, ಅದರೆದುರು ಜಾಡಿಯೊಳಗಿಂದ ಇಣುಕುವ ಹುಡುಗ. ಅಷ್ಟು ಬಣ್ಣಗಳನ್ನು ಅಚ್ಚುಹಾಕುವುದು ದುಬಾರಿಯೆಂದು ಪ್ರಕಾಶಕರು ಅದನ್ನು ಒಪ್ಪಲಿಲ್ಲ. ಹೆರ್ಜೆ ಸರಳವಾದ ಇನ್ನೊಂದನ್ನು ಬರೆದುಕೊಟ್ಟ. ಬೇಡವಾದ ಮೊದಲ ಹಾಳೆಯನ್ನು ಪ್ರಕಾಶಕ ಲೂಯಿ ಕಾಸ್ಟರ್‌ಮನ್ನರ ಏಳು ವರ್ಷದ ಮಗನಿಗೆ ಉಡುಗೊರೆಯಾಗಿ ಕೊಡಲಾಯಿತೆಂದೂ, ಹುಡುಗ ಅದನ್ನು ಮಡಿಸಿ ಮೇಜಿನ ಖಾನೆಯಲ್ಲಿಟ್ಟನೆಂದೂ ಮಾರಾಟಗಾರರ ಹೇಳಿಕೆ. ಮಡಿಕೆಯ ಗುರುತುಗಳು ಹಾಳೆಯ ಮೇಲೆ ಸ್ಪಷ್ಟವಾಗಿದ್ದವು. ಆ ಕುಟುಂಬದ ವಾರಸುದಾರರು ಮಾರಿದ ಈ ಚಿತ್ರಕ್ಕೆ ಹರಾಜು ಶುಲ್ಕವೂ ಸೇರಿ ಸುಮಾರು 31.75 ಲಕ್ಷ ಯೂರೋ, ಅಂದರೆ ಆಗಿನ ವಿನಿಮಯ ದರದಲ್ಲಿ ಸುಮಾರು 28 ಕೋಟಿ ರೂಪಾಯಿ ಬಂತು.

ಉಡುಗೊರೆಯ ಕಥೆಯನ್ನು ಎಲ್ಲರೂ ನಂಬಲಿಲ್ಲ. ಹಾಳೆಯ ಮೇಲೆ ಹುಡುಗನ ಹೆಸರಿಗೆ ಬರೆದ ಅರ್ಪಣೆಯ ಸಾಲಿಲ್ಲ. ಮಡಿಕೆಗಳು ಚಿತ್ರವನ್ನು ಅಂಚೆಯಲ್ಲಿ ಕಳುಹಿಸಿದ್ದರಿಂದ ಬಿದ್ದಿರಬಹುದಲ್ಲವೆ, ಹಾಗಿದ್ದರೆ ಅದು ಹಿಂದಿರುಗದೆ ಉಳಿದ ಹಾಳೆಯಷ್ಟೇ ಎಂಬ ಆಕ್ಷೇಪ ಕೇಳಿಬಂತು. ನಾವು ಇಲ್ಲಿ ತೀರ್ಪು ಕೊಡಬೇಕಾಗಿಲ್ಲ. ಕೊಟ್ಟದ್ದಕ್ಕೂ ಉಳಿದದ್ದಕ್ಕೂ ಇರುವ ಅಂತರ ಒಂದು ಸಾಲಿನ ಬರೆಹದಷ್ಟು ಎಂಬುದನ್ನು ಗಮನಿಸಿದರೆ ಸಾಕು. ಮರುಮಾರಾಟದ ಪಾಲಿನ ಕಥೆ ಬೇರೆ. ಐರೋಪ್ಯ ಒಕ್ಕೂಟದ 2001ರ ನಿರ್ದೇಶನದ ಪ್ರಕಾರ ಒಂದು ಮಾರಾಟದಲ್ಲಿ ಕಲಾವಿದನಿಗೋ ಅವನ ವಾರಸುದಾರರಿಗೋ ಸಲ್ಲುವ ಪಾಲು 12,500 ಯೂರೋಗಳನ್ನು ಮೀರುವಂತಿಲ್ಲ. ಮೂವತ್ತೊಂದು ಲಕ್ಷದ ಮುಂದೆ ಹನ್ನೆರಡೂವರೆ ಸಾವಿರ! ಫೋರೆನ್ನನ ಮಕ್ಕಳಿಗೆ ಬಾಗಿಲು ತೆರೆಯಿತು ನಿಜ, ಕುರ್ಚಿ ಸಿಕ್ಕಲಿಲ್ಲ.

ಹಾಳೆ ಸಂಸ್ಥೆಯ ಕಪಾಟಿನಲ್ಲಿ ಉಳಿದಾಗ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಜ್ಯಾಕ್ ಕರ್ಬಿಯ ಪ್ರಸಂಗ ಸಾಕ್ಷಿ. ಮಾರ್ವೆಲ್ ಸಂಸ್ಥೆಯ ಅನೇಕ ವೀರನಾಯಕರಿಗೆ ರೂಪ ಕೊಟ್ಟ ಈತ ಬರೆದ ಪುಟಗಳು ಹತ್ತು ಸಾವಿರಕ್ಕೂ ಹೆಚ್ಚೆಂದು ಅಂದಾಜು. ಎಂಬತ್ತರ ದಶಕದಲ್ಲಿ ಸಂಸ್ಥೆ ಮೂಲಪ್ರತಿಗಳನ್ನು ಕಲಾವಿದರಿಗೆ ಹಿಂದಿರುಗಿಸತೊಡಗಿದಾಗ, ಉಳಿದವರಿಗೆ ಒಂದು ಪುಟದ ಒಪ್ಪಿಗೆಪತ್ರವಾದರೆ ಕರ್ಬಿಯ ಮುಂದೆ ನಾಲ್ಕು ಪುಟಗಳದ್ದನ್ನು ಇಟ್ಟರು. ಸಹೋದ್ಯೋಗಿ ಕಲಾವಿದರೂ ಓದುಗರೂ ಬಹಿರಂಗವಾಗಿ ಅವನ ಪರ ನಿಂತ ಬಳಿಕ, 1987ರಲ್ಲಿ ಸುಮಾರು ಎರಡು ಸಾವಿರ ಪುಟಗಳು ಅವನ ಕೈಸೇರಿದವು.

ನಮ್ಮ ದೇಶದ ಕಾನೂನು ಕಾಗದದ ಮೇಲೆ ಯೂರೋಪಿಗಿಂತ ಉದಾರವಾಗಿದೆ. 1957ರ ಕೃತಿಸ್ವಾಮ್ಯ ಅಧಿನಿಯಮಕ್ಕೆ 1994ರಲ್ಲಿ ಸೇರಿಸಿದ 53ಎ ಕಲಂ, ಚಿತ್ರ, ಶಿಲ್ಪ, ರೇಖಾಚಿತ್ರ ಹಾಗೂ ಹಸ್ತಪ್ರತಿಗಳ ಮೂಲಪ್ರತಿಯು ಹತ್ತು ಸಾವಿರ ರೂಪಾಯಿಗಿಂತ ಹೆಚ್ಚಿನ ಬೆಲೆಗೆ ಮರುಮಾರಾಟವಾದರೆ, ಕರ್ತೃವಿಗೆ ಅಥವಾ ಅವನ ವಾರಸುದಾರರಿಗೆ ಬೆಲೆಯಲ್ಲಿ ಪಾಲುಂಟೆಂದು ಹೇಳುತ್ತದೆ. ಪಾಲು ನೂರಕ್ಕೆ ಹತ್ತನ್ನು ಮೀರಬಾರದು. ಕೃತಿಸ್ವಾಮ್ಯದ ಅವಧಿ ಮುಗಿಯುವವರೆಗೆ ಈ ಹಕ್ಕು ಜೀವಂತ. ಲಕ್ಷ್ಮಣರು ತೀರಿಕೊಂಡದ್ದು 2015ರ ಜನವರಿ 26ರಂದು. ಆ ಲೆಕ್ಕದಲ್ಲಿ ಅವಧಿ 2075ರ ಕೊನೆಯವರೆಗೆ.

ಆದರೆ ಈ ಹಕ್ಕಿಗೊಂದು ಷರತ್ತಿದೆ: ಕರ್ತೃವು 17ನೆಯ ಕಲಮಿನಂತೆ ಮೊದಲ ಒಡೆಯನಾಗಿರಬೇಕು. ಪತ್ರಿಕೆಯ ನೌಕರ ಪತ್ರಿಕೆಗಾಗಿ ಬರೆದ ಚಿತ್ರದಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ, ಪತ್ರಿಕೆಗಳಲ್ಲಿ ಪ್ರಕಟಿಸುವ ಮಟ್ಟಿಗೆ ಕೃತಿಸ್ವಾಮ್ಯ ಮಾಲೀಕರದು. ಉಳಿದೆಲ್ಲ ಬಗೆಯಲ್ಲಿ ಕರ್ತೃವಿನದು ಎಂಬುದು 17ನೆಯ ಕಲಮಿನ ವಿಭಾಗ. ಇದು ಕೃತಿಸ್ವಾಮ್ಯದ ಮಾತಾಯಿತು. ಶಾಯಿ ಒಣಗಿದ ಆ ಹಾಳೆ ಯಾರ ವಸ್ತುವೆಂಬುದನ್ನು ಅದು ತಿಳಿಸುವುದಿಲ್ಲ. ಮರುಮಾರಾಟವಾದರೆ ಕರ್ತೃವಿಗೆ ವಿಷಯ ಮುಟ್ಟಿಸಬೇಕಾದವರು ಯಾರೆಂಬುದನ್ನೂ 53ಎ ಕಲಂ ಹೇಳುವುದಿಲ್ಲ. ಮಾರಿದ ಸುದ್ದಿಯೇ ತಿಳಿಯದವನು ಪಾಲು ಕೇಳುವುದೆಂತು? ಸರ್ಕಾರಿ ಕಡತಗಳ ನಡುವೆ ಬಾಳುವ ನಮಗೆ ಇದು ಪರಿಚಿತ ನೋಟ: ಹಕ್ಕು ಬರೆಹದಲ್ಲಿ ಪೂರ್ಣವಾಗಿದೆ, ಅದನ್ನು ಫಲಾನುಭವಿಗೆ ತಲುಪಿಸುವ ಕಿಟಕಿ ತೆರೆದಿಲ್ಲ.

ಮೈಸೂರಿನಲ್ಲಿ ಹುಟ್ಟಿ, ‘ಕೊರವಂಜಿ’ಗೆ ಚಿತ್ರ ಬರೆದು, 1947ರಿಂದ ಮುಂಬಯಿಯ ಟೈಮ್ಸ್ ಆಫ್ ಇಂಡಿಯಾದಲ್ಲಿ ದಶಕಗಳ ಕಾಲ ದುಡಿದು, ಪುಣೆಯಲ್ಲಿ ಕಣ್ಮುಚ್ಚಿದವರು ಲಕ್ಷ್ಮಣರು. ಆ ಊರುಗಳಲ್ಲಿಯೂ ಬೇರೆಡೆಯೂ ಅವರ, ಅವರಂಥ ಇತರರ ಹಾಳೆಗಳು ಮನೆಗಳಲ್ಲಿ ಉಳಿದಿದ್ದರೆ, ಅವನ್ನು ಮಾರುವುದು ತಪ್ಪೆಂದು ನಾವು ಹೇಳುವುದಿಲ್ಲ. ಬೆಲೆಯಿದೆಯೆಂದು ತಿಳಿದ ಮೇಲೆಯೇ ಅನೇಕ ಹಾಳೆಗಳು ಗೆದ್ದಲಿನಿಂದ ಪಾರಾಗುತ್ತವೆ. ಆದರೆ ಮಾರುವ ಮುನ್ನ, ಕೊಟ್ಟವರು ಇನ್ನೂ ನಮ್ಮ ನಡುವೆ ಇರುವಾಗಲೇ, ಯಾರು ಯಾರಿಗೆ ಎಂದು ಕೊಟ್ಟರೆಂಬ ಒಂದು ಸಾಲನ್ನು ಅವರ ಕೈಯಲ್ಲೇ ಹಾಳೆಯ ಬೆನ್ನಿಗೆ ಬರೆಸಿಟ್ಟುಕೊಳ್ಳುವುದು ಒಳ್ಳೆಯದು. ಮಾರಿದ ಮೇಲೆ ಕರ್ತೃವಿನ ಮನೆಗೊಂದು ಪತ್ರ ಬರೆಯುವುದು ಅದಕ್ಕಿಂತಲೂ ಒಳ್ಳೆಯದು. ಕಾನೂನು ನೇಮಿಸದೆ ಬಿಟ್ಟ ಕೆಲಸವನ್ನು ಅಷ್ಟರಮಟ್ಟಿಗೆ ನಾವೇ ಮಾಡಬಹುದು.