ಹಳೆಯ ಎಂಜಿಬಿ ಕಾರನ್ನು ಮನೆಯಲ್ಲೇ ಹೊಸದು ಮಾಡಬಹುದೇ? ವೈರಲ್ ವಿಡಿಯೋಗಳು ತೋರಿಸದ ಸಂಗತಿಗಳು

ಶೆಡ್ಡಿನ ಮೂಲೆಯಲ್ಲಿ ಧೂಳು ಹಿಡಿದು ನಿಂತ ಪುಟ್ಟ ಕಾರು. ಯಾರೋ ಅದನ್ನು ಹೊರಗೆಳೆಯುತ್ತಾರೆ, ತುಕ್ಕಿನ ಮೇಲೆ ಕೋಲಾ ಸುರಿದು ಉಜ್ಜುತ್ತಾರೆ, ಕೆಂಪು ಬಣ್ಣ ಹೊಡೆಯುತ್ತಾರೆ. ಒಂದೇ ನಿಮಿಷದಲ್ಲಿ ಕಾರು ಫಳಫಳ! ಇಂಥ ವಿಡಿಯೋ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ನೋಡಲು ಖುಷಿಯಾಗುತ್ತದೆ, ನಾನೂ ಕೊನೆಯವರೆಗೂ ನೋಡುತ್ತೇನೆ. ಆದರೆ ಬಣ್ಣದ ಒಳಗಿರುವ ತಗಡು ಗಟ್ಟಿಯಾಗಿದೆಯೇ ಎಂಬುದನ್ನು ಈ ವಿಡಿಯೋಗಳು ತೋರಿಸುವುದಿಲ್ಲ. ಕಾರಿನಲ್ಲಿ ಕೂರುವವರ ಜೀವ ನಿಂತಿರುವುದು ಅದರ ಮೇಲೆ.

ಉದಾಹರಣೆಗೆ ಒಂದೇ ಕಾರನ್ನು ತೆಗೆದುಕೊಳ್ಳೋಣ. ಬ್ರಿಟನ್ನಿನಲ್ಲಿ ಮನೆಯ ಗ್ಯಾರೇಜಿನಲ್ಲಿ ರಿಪೇರಿಯಾಗುವ ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ ಎಂಜಿಬಿಯಷ್ಟು ಪರಿಚಿತವಾದವು ಕಡಿಮೆ.

ಯಾವುದಿದು ಎಂಜಿಬಿ?

ಇಂದು ನಮ್ಮ ರಸ್ತೆಗಳಲ್ಲಿ ಓಡಾಡುವ ಎಂಜಿ ಹೆಸರಿನ ಕಾರುಗಳ ಹಿಂದಿರುವುದು ಚೀನಾದ ಕಂಪನಿ. ಹೆಸರು ಮಾತ್ರ ಹಳೆಯದು. ಎಂಜಿ ಎಂದರೆ ಮಾರಿಸ್ ಗ್ಯಾರೇಜಸ್, ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಹುಟ್ಟಿದ ಹೆಸರು. ಎಂಜಿಬಿ ತಯಾರಾಗಿದ್ದು ಅಲ್ಲೇ ಹತ್ತಿರದ ಅಬಿಂಗ್ಡನ್ ಕಾರ್ಖಾನೆಯಲ್ಲಿ, 1962ರಿಂದ 1980ರವರೆಗೆ. ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ಮೇಲ್ಛಾವಣಿ ತೆರೆಯಬಹುದಾದ ರೋಡ್‌ಸ್ಟರ್ ಒಂದು, ಗಟ್ಟಿ ಛಾವಣಿಯ ಜಿಟಿ ಇನ್ನೊಂದು.

ಇದರ 1798 ಸಿಸಿ ಎಂಜಿನ್ ಬಿಎಂಸಿ ಕಂಪನಿಯ 'ಬಿ ಸೀರೀಸ್' ಕುಟುಂಬದ್ದು. ಅದೇ ಕುಟುಂಬದ 1489 ಸಿಸಿ ಎಂಜಿನ್ ನಮ್ಮ ಅಂಬಾಸಿಡರ್‌ನಲ್ಲಿ ದಶಕಗಳ ಕಾಲ ಓಡಿತು. ಹಾಗಾಗಿ ಅಂಬಾಸಿಡರ್ ಬಿಚ್ಚಿ ಜೋಡಿಸಿದ ಹಳೆಯ ಮೆಕ್ಯಾನಿಕ್ ಯಾರಾದರೂ ಎಂಜಿಬಿಯ ಬಾನೆಟ್ ಎತ್ತಿದರೆ ಕಂಗಾಲಾಗುವುದಿಲ್ಲ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ, ಸ್ಪ್ಯಾನರ್ ಆಡಿಸಲು ಜಾಗವೂ ಧಾರಾಳ. 'ಹಳೆಯ ಕಾರು ಮನೆಯಲ್ಲೇ ರಿಪೇರಿ ಮಾಡಬಹುದು' ಎಂಬ ಮಾತು ಎಂಜಿನ್ ಮಟ್ಟಿಗೆ ಬಹುಪಾಲು ನಿಜ. ಸುಳ್ಳಾಗುವುದು ಬಾಡಿಯ ವಿಷಯದಲ್ಲಿ.

'ತುಕ್ಕು ಉಜ್ಜಿ, ಪುಟ್ಟಿ ತುಂಬಿ, ಬಣ್ಣ ಹೊಡೆದರೆ ಸಾಕು': ಇದು ಅಪಾಯಕಾರಿ ಸುಳ್ಳು

ಎಂಜಿಬಿಗಿಂತ ಹಿಂದಿನ ಎಂಜಿಎ ಕಾರಿಗೆ ಲಾರಿಗಿರುವಂತೆ ಪ್ರತ್ಯೇಕ ಚಾಸಿ ಇತ್ತು, ಅದರ ಮೇಲೆ ಬಾಡಿ ಕೂರುತ್ತಿತ್ತು. ಎಂಜಿಬಿಯಲ್ಲಿ ಆ ಚಾಸಿಯೇ ಇಲ್ಲ. ತಗಡುಗಳನ್ನು ಒಂದಕ್ಕೊಂದು ಬೆಸೆದು ಮಾಡಿದ ಬಾಡಿಯೇ ಇಡೀ ಭಾರ ಹೊರುತ್ತದೆ. ಅದರಲ್ಲೂ ರೋಡ್‌ಸ್ಟರ್‌ಗೆ ಛಾವಣಿಯ ಆಸರೆಯೂ ಇಲ್ಲ. ಬೂಟಿನ ಪೆಟ್ಟಿಗೆಯ ಮುಚ್ಚಳ ತೆಗೆದು ಎರಡು ತುದಿ ಹಿಡಿದು ತಿರುಚಿ ನೋಡಿ, ಎಷ್ಟು ಸುಲಭವಾಗಿ ಬಾಗುತ್ತದೆ! ಕಾರು ಹಾಗೆ ಬಾಗದಂತೆ ತಡೆಯುವ ಮುಖ್ಯ ಭಾಗವೇ ಬಾಗಿಲುಗಳ ಕೆಳಗೆ ಉದ್ದಕ್ಕೂ ಇರುವ ಟೊಳ್ಳು ಪೆಟ್ಟಿಗೆ. ಇದನ್ನು ಸಿಲ್ ಎನ್ನುತ್ತಾರೆ. ಹೊರಗಿನದೊಂದು, ಒಳಗಿನದೊಂದು, ನಡುವೆ ಇನ್ನೊಂದು, ಹೀಗೆ ಹಲವು ತಗಡು ಸೇರಿ ಒಂದು ಸಿಲ್.

ದುರದೃಷ್ಟಕ್ಕೆ ನೀರು ನಿಲ್ಲುವುದೂ ಅಲ್ಲೇ. ಮುಂದಿನ ಚಕ್ರ ಎರಚಿದ ಕೆಸರು ಮಡ್‌ಗಾರ್ಡ್ ಹಿಂಭಾಗದಲ್ಲಿ ಮೆತ್ತಿಕೊಳ್ಳುತ್ತದೆ, ತೇವ ಸಿಲ್ಲಿನೊಳಗೆ ಇಳಿಯುತ್ತದೆ. ಇಂಗ್ಲೆಂಡಿನಲ್ಲಿ ಚಳಿಗಾಲದಲ್ಲಿ ಮಂಜು ಕರಗಲೆಂದು ರಸ್ತೆಗೆ ಉಪ್ಪು ಹಾಕುತ್ತಾರೆ, ಅದೂ ಸೇರುತ್ತದೆ. ನೀರು ಹರಿದುಹೋಗುವ ತೂತು ಮುಚ್ಚಿಹೋದರೆ ತುಕ್ಕು ಒಳಗಿನಿಂದ ಹೊರಗೆ ತಿನ್ನುತ್ತಾ ಬರುತ್ತದೆ. ಹೊರಗೆ ಬಣ್ಣದ ಮೇಲೆ ಒಂದು ಸಣ್ಣ ಗುಳ್ಳೆ ಕಾಣುವ ಹೊತ್ತಿಗೆ ಒಳಗಿನ ತಗಡು ಹಪ್ಪಳವಾಗಿರಬಹುದು. ಆ ಗುಳ್ಳೆಯನ್ನು ಕೆರೆದು ಪುಟ್ಟಿ ತುಂಬಿ ಬಣ್ಣ ಹೊಡೆಯುವುದು ಸುಲಭ. ಪುಟ್ಟಿ ಭಾರ ಹೊರುವುದಿಲ್ಲ. ಹಳೆಯ ಸಿಲ್ಲನ್ನು ಹಾಗೇ ಬಿಟ್ಟು ಅದರ ಮೇಲೆ ಹೊಸ ತಗಡನ್ನು ಹೊದಿಕೆಯಂತೆ ಬೆಸೆಯುವ ಅಡ್ಡದಾರಿಯೂ ಉಂಟು, ಇದು ಇನ್ನೂ ಕೆಟ್ಟದ್ದು. ಬಕ್ಕದಿಂದ ಗುದ್ದು ಬಿದ್ದ ದಿನ ವ್ಯತ್ಯಾಸ ಗೊತ್ತಾಗುತ್ತದೆ.

ಪತ್ತೆ ಹಚ್ಚುವುದು ಹೇಗೆ? ಫ್ರಿಜ್ ಮೇಲೆ ಅಂಟಿಸುವ ಅಯಸ್ಕಾಂತ ಸಾಕು. ಪುಟ್ಟಿ ದಪ್ಪಗಿರುವ ಕಡೆ ಅದು ಅಂಟುವುದಿಲ್ಲ. ಸ್ಕ್ರೂಡ್ರೈವರ್ ಹಿಡಿಯಿಂದ ಸಿಲ್ ಉದ್ದಕ್ಕೂ ತಟ್ಟಿ ಕೇಳಿ: ಗಟ್ಟಿ ತಗಡು ಟಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ಧಬ್ ಎನ್ನುತ್ತದೆ. ಬಾಗಿಲು ಮುಚ್ಚಿ ಸುತ್ತಲಿನ ಸಂದು ನೋಡಿ. ಸಂದು ಕೆಳಗೆ ಅಗಲ, ಮೇಲೆ ಕಿರಿದು ಎಂದರೆ ಕಾರು ನಡುವಿನಲ್ಲಿ ಜಗ್ಗಿದೆ ಎಂಬ ಅನುಮಾನ ಬರಬೇಕು. ಜಾಕ್ ಕೊಟ್ಟು ಎತ್ತಿದಾಗ ಬಾಗಿಲು ಬಿಗಿಯಾಗಿ ಸಿಕ್ಕಿಕೊಂಡರಂತೂ ಅನುಮಾನವೇ ಬೇಡ.

ಸರಿಯಾದ ಕೆಲಸವೆಂದರೆ ಕೊಳೆತ ತಗಡನ್ನೆಲ್ಲ ಕತ್ತರಿಸಿ ತೆಗೆದು ಹೊಸದನ್ನು ವೆಲ್ಡ್ ಮಾಡುವುದು. ಮೊದಲು ಕಾರನ್ನು ಸಮತಟ್ಟಾಗಿ ನಿಲ್ಲಿಸಿ, ಬಾಗಿಲಿನ ಕಿಂಡಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಬಿಗಿದು, ಆಮೇಲೆ ಒಂದು ಬದಿಯನ್ನು ಮಾತ್ರ ಕತ್ತರಿಸಬೇಕು. ಎರಡೂ ಬದಿ ಒಟ್ಟಿಗೆ ಕತ್ತರಿಸಿದರೆ ಕಾರು ಬಾಳೆಹಣ್ಣಿನಂತೆ ಬಾಗುತ್ತದೆ. ಆ ಬಾಗಿದ ಸ್ಥಿತಿಯಲ್ಲೇ ಬೆಸೆದುಬಿಟ್ಟರೆ ಮತ್ತೆ ನೇರವಾಗುವುದಿಲ್ಲ. ಬಾಗಿಲನ್ನು ಆಗಾಗ ತೂಗುಹಾಕಿ ಸಂದು ಅಳೆಯುತ್ತಾ ಮುಂದುವರಿಯುತ್ತಾರೆ. ಕೊನೆಗೆ ಟೊಳ್ಳಿನೊಳಗೆ ಮೇಣದಂಥ ದ್ರವ ಸಿಂಪಡಿಸಿ, ನೀರಿನ ತೂತುಗಳನ್ನು ತೆರೆದಿಡುತ್ತಾರೆ. ಟಿಂಕರಿಂಗ್ ಅನುಭವ ಇಲ್ಲದವರು ಕಲಿಯಲು ಆರಿಸಿಕೊಳ್ಳಬಹುದಾದ ಮೊದಲ ಕೆಲಸ ಇದಲ್ಲ. ಎಂಜಿನ್, ಬ್ರೇಕ್, ಸೀಟು ಎಲ್ಲ ಮನೆಯಲ್ಲೇ ಮಾಡಿಕೊಂಡು ಸಿಲ್ ಮಾತ್ರ ಬಲ್ಲವರಿಗೆ ಕೊಡುವುದರಲ್ಲಿ ಅವಮಾನವೇನಿಲ್ಲ. ತೀರಾ ಕೊಳೆತಿದ್ದರೆ ಇನ್ನೊಂದು ದಾರಿಯೂ ಇದೆ: ಬ್ರಿಟಿಷ್ ಮೋಟರ್ ಹೆರಿಟೇಜ್ ಎಂಬ ಸಂಸ್ಥೆ 1988ರಿಂದ ಎಂಜಿಬಿಯ ಇಡೀ ಬಾಡಿಯನ್ನೇ ಹೊಸದಾಗಿ ಮಾಡಿಕೊಡಲು ಶುರುಮಾಡಿತು.

ವೆಲ್ಡಿಂಗ್ ಮುಂಚೆ ಬ್ಯಾಟರಿ ಕಳಚಿ, ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರ ಇಡಬೇಕು. 'ಟ್ಯಾಂಕ್ ಖಾಲಿ ಇದೆ, ಏನೂ ಆಗಲ್ಲ' ಎನ್ನುವವರಿದ್ದಾರೆ. ಖಾಲಿ ಟ್ಯಾಂಕಿನಲ್ಲಿ ಪೆಟ್ರೋಲ್ ಆವಿ ಗಾಳಿಯೊಂದಿಗೆ ಬೆರೆತಿರುತ್ತದೆ. ಸಿಡಿಯುವುದು ಅದೇ.

ಕೋಲಾ ತುಕ್ಕು ತೆಗೆಯುತ್ತದೆಯೇ?

ಸ್ವಲ್ಪ ತೆಗೆಯುತ್ತದೆ. ಕೋಲಾದಲ್ಲಿ ಫಾಸ್ಫರಿಕ್ ಆಮ್ಲ ಇದೆ, ತುಕ್ಕು ತೆಗೆಯಲು ಅಂಗಡಿಯಲ್ಲಿ ಸಿಗುವ ಎಷ್ಟೋ ದ್ರವಗಳಲ್ಲೂ ಅದೇ ಇರುತ್ತದೆ. ಆದರೆ ಕೋಲಾದಲ್ಲಿ ಅದು ತೀರಾ ತೆಳು, ಜೊತೆಗೆ ಸಕ್ಕರೆಯ ಅಂಟು ಬೇರೆ. ಒಂದು ಬೋಲ್ಟ್ ನೆನೆಸಿಡಲು ಅಡ್ಡಿಯಿಲ್ಲ, ವಿನೆಗರ್ ಆದರೂ ನಡೆಯುತ್ತದೆ. ಆದರೆ ತುಕ್ಕು ಎಂದರೆ ಕಬ್ಬಿಣವೇ ತಿಂದುಹೋದದ್ದು. ಯಾವ ದ್ರವವೂ ಹೋದ ಕಬ್ಬಿಣವನ್ನು ವಾಪಸ್ ತರುವುದಿಲ್ಲ.

ಇನ್ನೊಂದು ಜನಪ್ರಿಯ ವಿಧಾನ, ವಾಷಿಂಗ್ ಸೋಡಾ ಬೆರೆಸಿದ ನೀರಿಗೆ ಬ್ಯಾಟರಿ ಚಾರ್ಜರ್ ಜೋಡಿಸಿ ತುಕ್ಕು ಬಿಡಿಸುವುದು. ವಿಜ್ಞಾನ ಸರಿಯಾಗಿದೆ, ಕೆಲಸವೂ ಆಗುತ್ತದೆ. ಆದರೆ ಕೆಲವು ವಿಡಿಯೋಗಳು ಪ್ಲಸ್ ತಂತಿಗೆ ಹಳೆಯ ಸ್ಟೀಲ್ ಚಮಚ ಕಟ್ಟಿ ಎನ್ನುತ್ತವೆ. ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿರುವ ಕ್ರೋಮಿಯಂ ಹೀಗೆ ಕರಗಿದಾಗ ಕ್ಯಾನ್ಸರ್ ತರಬಲ್ಲ ವಿಷಕಾರಿ ರೂಪಕ್ಕೆ ಬದಲಾಗಬಹುದು. ಅಲ್ಲಿ ಮಾಮೂಲಿ ಕಬ್ಬಿಣದ ತುಂಡನ್ನೇ ಬಳಸಬೇಕು. ಹೊರಡುವ ಗುಳ್ಳೆಗಳಲ್ಲಿ ಹೈಡ್ರೋಜನ್ ಇರುವುದರಿಂದ ಬೆಂಕಿ ದೂರವಿರಲಿ, ಮುಚ್ಚಿದ ಕೋಣೆ ಬೇಡ. ಈ ವಿಡಿಯೋ ನಿಮಗೆ ಬಂದರೆ ಈ ಎರಡು ಸಾಲು ಸೇರಿಸಿ ಕಳಿಸಿ.

ಸೀಸ, ಎಥನಾಲ್ ಮತ್ತು ಹಳೆಯ ಎಂಜಿನ್

'ಸೀಸದ ಪೆಟ್ರೋಲ್ ನಿಂತಿತು, ಹಳೆಯ ಕಾರುಗಳ ಕಥೆ ಮುಗಿಯಿತು' ಎಂಬ ಮಾತು ಇನ್ನೂ ಓಡಾಡುತ್ತದೆ. ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸ, ಎಂಜಿನ್ನಿನ ವಾಲ್ವ್ ಮತ್ತು ಅದು ಕೂರುವ ಸೀಟ್ ನಡುವೆ ತೆಳು ಪದರವಾಗಿ ನಿಂತು ಸವೆತ ತಡೆಯುತ್ತಿತ್ತು ಎಂಬುದು ನಿಜ. ಸೀಸ ಇಲ್ಲದಿದ್ದರೆ ಎರಕದ ಕಬ್ಬಿಣದ ಹೆಡ್‌ನಲ್ಲಿ ವಾಲ್ವ್ ನಿಧಾನವಾಗಿ ಒಳಗೆ ಕೂರುತ್ತಾ ಹೋಗುತ್ತದೆ, ಮುಖ್ಯವಾಗಿ ದೀರ್ಘಕಾಲ ಜೋರಾಗಿ ಓಡಿಸಿದಾಗ. ಆದರೆ ಪರಿಹಾರ ಕಷ್ಟದ್ದಲ್ಲ. ಹೆಡ್ ಬಿಚ್ಚಿದಾಗ ಎಕ್ಸಾಸ್ಟ್ ವಾಲ್ವ್‌ಗಳಿಗೆ ಗಟ್ಟಿ ಉಕ್ಕಿನ ಸೀಟ್ ಹಾಕಿಸಿದರೆ ಆಯಿತು. ಸೀಸದ ಹೊಗೆ ಮಕ್ಕಳ ಮಿದುಳಿಗೆ ಹಾನಿ ಮಾಡುತ್ತಿತ್ತು. ಬ್ರಿಟನ್ ಮತ್ತು ಭಾರತ ಎರಡೂ 2000ದ ಹೊತ್ತಿಗೆ ಅದನ್ನು ನಿಲ್ಲಿಸಿದವು, ಕೊನೆಯದಾಗಿ 2021ರಲ್ಲಿ ಅಲ್ಜೀರಿಯಾ ನಿಲ್ಲಿಸಿತು.

ಎಥನಾಲ್ ವಿಷಯದಲ್ಲಿ ಎಚ್ಚರಿಕೆ ಬೇಕು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20 ಪೆಟ್ರೋಲ್ ಬಿಡುಗಡೆಯಾದಾಗಿನಿಂದ ನಮ್ಮಲ್ಲೂ ಇದರ ಫಾರ್ವರ್ಡ್‌ಗಳಿಗೆ ಬರವಿಲ್ಲ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರ್‌ನಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 10ರವರೆಗೆ ಎಥನಾಲ್ ಇದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ಬಗೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಎಂಜಿನ್ ಸಿಡಿಯುತ್ತದೆ ಎಂಬುದೆಲ್ಲ ಕಟ್ಟುಕಥೆ. ನಿಜವಾದ ಅಪಾಯ ಪೆಟ್ರೋಲ್ ಪೈಪು ಬಿರಿದು ಬಿಸಿ ಎಂಜಿನ್ ಮೇಲೆ ತೊಟ್ಟಿಕ್ಕುವುದು. ಅದಕ್ಕೇ ಎಂಜಿಬಿ ಮಾಲೀಕರು ಎಥನಾಲ್ ತಡೆಯುವ ಪೈಪುಗಳನ್ನು ಹಾಕಿಸುತ್ತಾರೆ, ಶೇ. 5ರ ಮಿತಿಯ 'ಸೂಪರ್' ಪೆಟ್ರೋಲ್ ಬಳಸುತ್ತಾರೆ, ಚಳಿಗಾಲವಿಡೀ ಕಾರು ನಿಲ್ಲಿಸುವಾಗ ಹಳೆಯ ಪೆಟ್ರೋಲ್ ಬಿಟ್ಟಿರುವುದಿಲ್ಲ.

ಬ್ರೇಕ್ ಡ್ರಮ್ಮಿನ ಧೂಳು

ಹಿಂದಿನ ಚಕ್ರ ಬಿಚ್ಚಿ, ಡ್ರಮ್ ತೆಗೆದು, ಒಳಗಿನ ಧೂಳನ್ನು ಬಾಯಿಂದಲೋ ಏರ್ ಪೈಪಿನಿಂದಲೋ ಉಫ್ ಎಂದು ಊದುವ ದೃಶ್ಯ ಎಷ್ಟೋ ವಿಡಿಯೋಗಳಲ್ಲಿದೆ. ದಯವಿಟ್ಟು ಹೀಗೆ ಮಾಡಬೇಡಿ. ಆ ಕಾಲದ ಬ್ರೇಕ್ ಶೂ ಮತ್ತು ಕ್ಲಚ್ ಪ್ಲೇಟ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಬ್ರಿಟನ್ ಅದನ್ನು ಪೂರ್ತಿ ನಿಷೇಧಿಸಿದ್ದು 1999ರಲ್ಲಿ. ಅಪರೂಪಕ್ಕೆ ಓಡಿದ ಕಾರಿನಲ್ಲಿ ಹಳೆಯ ಶೂ ಹಾಗೇ ಉಳಿದಿರುವ ಸಾಧ್ಯತೆ ಇದೆ, ಕಣ್ಣಿಂದ ನೋಡಿ ಹೇಳಲಾಗದು. ಅದರ ನಾರು ಶ್ವಾಸಕೋಶ ಸೇರಿದರೆ ಕ್ಯಾನ್ಸರ್ ಬರಬಹುದು, ಅದೂ ಹಲವು ದಶಕಗಳ ನಂತರ. ಹಾಗಾಗಿ 'ನಾನು ಎಷ್ಟೋ ಸಲ ಊದಿದ್ದೇನೆ, ಏನೂ ಆಗಿಲ್ಲ' ಎಂಬ ಮಾತಿಗೆ ಬೆಲೆಯಿಲ್ಲ. ಧೂಳನ್ನು ಒದ್ದೆ ಮಾಡಿ, ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಪ್ರತ್ಯೇಕವಾಗಿ ವಿಲೇವಾರಿ ಮಾಡಬೇಕು. ಸಣ್ಣ ನಾರನ್ನು ತಡೆಯುವ ಫಿಲ್ಟರ್ ಮಾಸ್ಕ್ ಬೇಕು, ಕರ್ಚೀಫು ಸಾಲದು.

ಬ್ರೇಕ್ ಆಯಿಲ್ ಕೂಡ ಗಾಳಿಯ ತೇವ ಹೀರುತ್ತದೆ. ಕಾರು ಓಡದೆ ನಿಂತಿದ್ದರೂ ಎರಡು ವರ್ಷಕ್ಕೊಮ್ಮೆ ಬದಲಿಸಿ. ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಆ ನೀರು ಆವಿಯಾದರೆ ಪೆಡಲ್ ತುಳಿದರೂ ಹಿಡಿತ ಸಿಗುವುದಿಲ್ಲ.

ವಯರಿಂಗ್ ಮತ್ತು ಉಳಿದ ಪಾಲನೆ

ಬ್ರಿಟಿಷ್ ಕಾರುಗಳ ವಿದ್ಯುತ್ ಭಾಗಗಳ ಬಗ್ಗೆ ಜೋಕುಗಳು ಬೇಕಾದಷ್ಟಿವೆ. ದೀಪ ಮಂಕಾಗಲು ಹೆಚ್ಚಿನ ಸಲ ಕಾರಣ ಹಸಿರುಗಟ್ಟಿದ ತಂತಿ ಜೋಡಣೆ, ಬಾಡಿಗೆ ಸರಿಯಾಗಿ ಕೂರದ ಅರ್ಥ್. ಉಪ್ಪುಕಾಗದದಿಂದ ಉಜ್ಜಿ ಬಿಗಿದರೆ ಅರ್ಧ ಸಮಸ್ಯೆ ತೀರುತ್ತದೆ. ಒಂದು ಎಚ್ಚರ: 1967ರವರೆಗಿನ ಎಂಜಿಬಿಗಳಲ್ಲಿ ಬಾಡಿಗೆ ಜೋಡಿಸಿರುವುದು ಬ್ಯಾಟರಿಯ ಪ್ಲಸ್ ತುದಿ, ಇಂದಿನ ಕಾರುಗಳಿಗೆ ತದ್ವಿರುದ್ಧ. ನೋಡದೆ ಹೊಸ ರೇಡಿಯೋ ಜೋಡಿಸಿದರೆ ಸುಟ್ಟುಹೋಗುತ್ತದೆ.

ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ತಡವರಿಸಿದರೆ ಮೊದಲು ಎಸ್‌ಯು ಕಾರ್ಬೊರೇಟರ್‌ಗಳ ಮೇಲಿನ ಮುಚ್ಚಳ ತಿರುಗಿಸಿ ಎಣ್ಣೆ ಇದೆಯೇ ನೋಡಿ. ಕೆಲವು ಹನಿ ಎಣ್ಣೆ ಹಾಕಿದರೆ ಸರಿಹೋಗುವ ತೊಂದರೆಗೆ ಇಡೀ ಕಾರ್ಬೊರೇಟರ್ ಬಿಚ್ಚುವವರಿದ್ದಾರೆ. ಮುಂದಿನ ಚಕ್ರಗಳ ಬಳಿಯ ನಿಪ್ಪಲ್‌ಗಳಿಗೆ ಆಗಾಗ ಗ್ರೀಸ್ ಹೊಡೆಯದಿದ್ದರೆ ಸ್ಟೀರಿಂಗ್ ಗಟ್ಟಿಯಾಗುತ್ತದೆ.

ಇದಾವುದಕ್ಕೂ ಬರೀ ಜಾಕ್ ಮೇಲೆ ನಿಂತ ಕಾರಿನ ಅಡಿಗೆ ನುಸುಳಬೇಡಿ. ಜಾಕ್ ಇರುವುದು ಎತ್ತಲು ಮಾತ್ರ. ಎತ್ತಿದ ಮೇಲೆ ಕಾರನ್ನು ಕಬ್ಬಿಣದ ಆಕ್ಸಲ್ ಸ್ಟ್ಯಾಂಡ್‌ಗಳ ಮೇಲೆ ಇಳಿಸಬೇಕು. ಸಿಲ್ ಕೊಳೆತಿದ್ದರೆ ಜಾಕ್ ತಗಡನ್ನೇ ತೂರಿಕೊಂಡು ಮೇಲೆ ಹೋಗಬಹುದು.

ತಪಾಸಣೆ ಯಾರು ಮಾಡುತ್ತಾರೆ?

ಬ್ರಿಟನ್ನಿನಲ್ಲಿ ಕಾರುಗಳಿಗೆ ಪ್ರತಿ ವರ್ಷ ಎಂಒಟಿ ಎಂಬ ಸುರಕ್ಷತಾ ಪರೀಕ್ಷೆ ಇದೆ. ಆದರೆ 2018ರ ಮೇ 20ರಿಂದ, 40 ವರ್ಷ ದಾಟಿದ, ದೊಡ್ಡ ಮಾರ್ಪಾಡು ಆಗಿರದ ಕಾರುಗಳಿಗೆ ಅದರಿಂದ ವಿನಾಯಿತಿ ಸಿಕ್ಕಿತು. ಕೊನೆಯ ಎಂಜಿಬಿ ಕೂಡ 1980ರದ್ದು, ಅಂದರೆ ಇಂದು ಎಲ್ಲವೂ ವಯಸ್ಸಿನ ಮಿತಿ ದಾಟಿವೆ. 'ಹಳೆಯ ಕಾರಿಗೆ ಯಾವ ನಿಯಮವೂ ಇಲ್ಲ' ಎಂದು ಇದನ್ನು ತಿರುಚಿ ಹಂಚುತ್ತಾರೆ. ವಿನಾಯಿತಿ ಪರೀಕ್ಷೆಗೆ ಮಾತ್ರ. ಅಪಾಯಕಾರಿ ಸ್ಥಿತಿಯ ಕಾರನ್ನು ರಸ್ತೆಗೆ ತಂದರೆ 2,500 ಪೌಂಡ್‌ವರೆಗೆ ದಂಡ, ಲೈಸೆನ್ಸ್ ಮೇಲೆ 3 ಪೆನಾಲ್ಟಿ ಪಾಯಿಂಟ್. ವಿನಾಯಿತಿ ಇದ್ದರೂ ತಾವಾಗಿಯೇ ಹಣ ಕೊಟ್ಟು ಪರೀಕ್ಷೆ ಮಾಡಿಸಿಕೊಳ್ಳಲು ಅವಕಾಶವಿದೆ. ಆ ಪರೀಕ್ಷೆಯಲ್ಲೂ ಏನನ್ನೂ ಬಿಚ್ಚಿ ನೋಡುವುದಿಲ್ಲ. ಹೊಳೆಯುವ ಸಿಲ್ಲಿನೊಳಗೆ ಯಾವ ತಗಡು ಹಾಕಿದ್ದಾರೆ ಎಂಬುದು ವೆಲ್ಡ್ ಮಾಡಿದವರಿಗಷ್ಟೇ ಗೊತ್ತು. ಅದಕ್ಕೇ ಕಾರು ಮಾರುವವರು ಕೆಲಸದ ಪ್ರತಿ ಹಂತದ ಫೋಟೋ ಇಟ್ಟಿರುತ್ತಾರೆ. ಕೊಳ್ಳುವವರು ಬಣ್ಣ ನೋಡುವ ಮೊದಲು ಅದನ್ನೇ ಕೇಳಿ ನೋಡುತ್ತಾರೆ.