ಮಾನವತಾವಾದಿ ಶಿಕ್ಷಣ: ಮಾಂಟುವಾದಿಂದ ಜ್ಞಾನಭಾರತಿಯವರೆಗೆ

ಯುರೋಪಿನ ಪುನರುಜ್ಜೀವನ ಕಾಲದ ಶಿಕ್ಷಣಚಿಂತನೆಯ ಕೇಂದ್ರದಲ್ಲಿದ್ದವನು ಮನುಷ್ಯ. ವ್ಯಾಕರಣ, ವಾಗ್ಮಿತೆ, ಇತಿಹಾಸ, ಕಾವ್ಯ ಮತ್ತು ನೀತಿಶಾಸ್ತ್ರಗಳನ್ನು ಇಟಲಿಯ ಮಾನವತಾವಾದಿಗಳು ವ್ಯಕ್ತಿತ್ವವನ್ನು ಅರಳಿಸುವ ವಿದ್ಯೆಗಳೆಂದು ಭಾವಿಸಿದರು. 1423ರಲ್ಲಿ ವಿಟ್ಟೊರಿನೊ ದ ಫೆಲ್ಟ್ರೆ ಮಾಂಟುವಾದಲ್ಲಿ ಆರಂಭಿಸಿದ ಶಾಲೆ ಈ ಆದರ್ಶದ ಪ್ರಸಿದ್ಧ ಪ್ರಯೋಗ. ಅಲ್ಲಿ ಅರಸು ಮಕ್ಕಳ ಜೊತೆಯಲ್ಲಿ ಬಡ ಮಕ್ಕಳೂ ಶುಲ್ಕವಿಲ್ಲದೆ ಕಲಿತರು. ಪಾಠದಷ್ಟೇ ಆಟಕ್ಕೂ ಮನ್ನಣೆಯಿತ್ತು. ಆದರೆ ಆ ಶಿಕ್ಷಣದ ಭಾಷೆ ಲ್ಯಾಟಿನ್ ಮತ್ತು ಗ್ರೀಕ್. ಜನರಾಡುವ ನುಡಿಯೂ ಹಾಡು-ಕಥೆಗಳೂ ಪಠ್ಯದ ಹೊರಗುಳಿದವು. ಮನುಷ್ಯನನ್ನು ಕೇಂದ್ರಕ್ಕೆ ತಂದ ವಿದ್ಯೆ ಎಲ್ಲ ಮನುಷ್ಯರನ್ನೂ ಒಳಗೊಳ್ಳಲಿಲ್ಲ.

ಈ ಮಿತಿಯನ್ನು ಮುಂದಿಟ್ಟುಕೊಂಡು ನೋಡಿದಾಗ ಬೆಂಗಳೂರಿನ ಪಶ್ಚಿಮದಂಚಿನ ಜ್ಞಾನಭಾರತಿಯ ಅನುಭವ ಗಮನಾರ್ಹವಾಗುತ್ತದೆ. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯ 1973ರ ವೇಳೆಗೆ ಕೆಂಗೇರಿಗೆ ಸಮೀಪದ ಸುಮಾರು 1,100 ಎಕರೆಗಳ ಈ ಆವರಣಕ್ಕೆ ಬಂದಿತು. ಆಗ ಕುಲಪತಿಗಳಾಗಿದ್ದವರು ಡಾ. ಎಚ್. ನರಸಿಂಹಯ್ಯ (1920–2005). ಭೌತವಿಜ್ಞಾನಿಯೂ ಗಾಂಧಿವಾದಿಯೂ ಆಗಿದ್ದ ಅವರು ದಶಕಗಳ ಕಾಲ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದಲ್ಲೇ ವಾಸವಾಗಿದ್ದರು. ಪ್ರಶ್ನಿಸುವ ಮನೋಭಾವವೇ ಶಿಕ್ಷಣದ ತಿರುಳೆಂಬುದು ಅವರ ನಿಲುವು. 1976ರಲ್ಲಿ ಪವಾಡಗಳ ಪರಿಶೀಲನೆಗೆ ವಿಶ್ವವಿದ್ಯಾಲಯವು ರಚಿಸಿದ ಸಮಿತಿಗೆ ಅವರೇ ಅಧ್ಯಕ್ಷರಾದರು. ಸಂಗೀತ, ನೃತ್ಯ, ನಾಟಕಗಳಿಗೆ ಇಲ್ಲಿ ಸ್ಥಾನ ದೊರೆತದ್ದೂ ಅವರ ಅವಧಿಯಲ್ಲೇ.

ಇದೇ ಆವರಣದ ಕನ್ನಡ ಅಧ್ಯಯನ ಕೇಂದ್ರವನ್ನು ಜಿ.ಎಸ್. ಶಿವರುದ್ರಪ್ಪನವರು ಕಟ್ಟಿ ಬೆಳೆಸಿದರು. ಸಮಗ್ರ ಕನ್ನಡ ಸಾಹಿತ್ಯ ಚರಿತ್ರೆಯ ಸಂಪುಟಗಳು ಅವರ ಸಂಪಾದಕತ್ವದಲ್ಲಿ ಹೊರಬಂದವು. ಈ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದು ಮುಂದೆ ಕೇಂದ್ರದ ನಿರ್ದೇಶಕರಾದವರು ಸಿದ್ಧಲಿಂಗಯ್ಯ (1954–2021). ಮಾಗಡಿ ಸೀಮೆಯ ಮಂಚನಬೆಲೆಯಲ್ಲಿ ಹುಟ್ಟಿ, ಶ್ರೀರಾಮಪುರದ ಕೇರಿಯಲ್ಲಿ ಬೆಳೆದ ಈ ಕವಿ ಡಾಕ್ಟರೇಟ್ ಪದವಿಗೆ ಆಯ್ದುಕೊಂಡ ವಿಷಯ ಗ್ರಾಮದೇವತೆಗಳು.

ಮೇಲ್ನೋಟಕ್ಕೆ ಇಲ್ಲೊಂದು ವೈರುಧ್ಯವಿದೆ. ಪವಾಡಗಳನ್ನು ಪ್ರಶ್ನಿಸಿದ ಅಂಗಳದಲ್ಲೇ ಮಾರಮ್ಮ, ಮುನೇಶ್ವರರಂಥ ದೈವಗಳ ಲೋಕ ಅಧ್ಯಯನಕ್ಕೆ ಅರ್ಹವೆನಿಸಿತು. ಆದರೆ ನಂಬಿಕೆಯನ್ನು ಪರೀಕ್ಷೆಗೆ ಒಡ್ಡುವುದು, ನಂಬುವ ಜನರನ್ನು ತಿಳಿಯಲು ಯತ್ನಿಸುವುದು ಪರಸ್ಪರ ವಿರುದ್ಧ ಕ್ರಿಯೆಗಳಲ್ಲ. ಮೊದಲನೆಯದು ಶೋಷಣೆಯಿಂದ ಬಿಡಿಸಲು, ಎರಡನೆಯದು ತಿರಸ್ಕಾರದಿಂದ ಬಿಡಿಸಲು. ಮಾರಿಹಬ್ಬದಲ್ಲಿ ಆಸಾದಿಗಳು ದೇವಿಯನ್ನು ಹೊಗಳುವಂತೆಯೇ ಬೈಯುತ್ತಲೂ ಹಾಡುತ್ತಾರೆ. ಊರ ಹೊರಗಿಟ್ಟ ಜನ ದೈವವನ್ನೇ ಎದುರು ನಿಲ್ಲಿಸಿ ಮಾತನಾಡುವ ಈ ಸಲುಗೆಯಲ್ಲಿ ಭಕ್ತಿಯೊಂದಿಗೆ ಪ್ರಶ್ನೆಯೂ ಇದೆ. ಅದನ್ನು ಮೌಢ್ಯವೆಂದಷ್ಟೇ ತಳ್ಳಿಹಾಕಿದರೆ ಕಳೆದುಹೋಗುವುದು ಒಂದು ಸಮುದಾಯದ ಮಾತಿನ ಕಸುವು.

ಮಾಂಟುವಾದ ಶಾಲೆ ಬಡವರ ಮಕ್ಕಳನ್ನು ಒಳಗೆ ಕರೆದುಕೊಂಡಿತು, ಅವರ ನುಡಿಯನ್ನಲ್ಲ. ಜ್ಞಾನಭಾರತಿಯಲ್ಲಿ ಕೇರಿಯ ಮಗ ತನ್ನ ನುಡಿಯೊಂದಿಗೆ, ತನ್ನ ದೇವರುಗಳೊಂದಿಗೆ ಒಳಬಂದ. ಅವನ ಪರಂಪರೆ ಕೇವಲ ಸಂಗ್ರಹಯೋಗ್ಯ ಸಾಮಗ್ರಿಯಾಗಿ ಉಳಿಯದೆ ಜ್ಞಾನವಾಗಿ ಪರಿಗಣಿತವಾಯಿತು. ಜಾನಪದವನ್ನು ವಿಶ್ವವಿದ್ಯಾಲಯಗಳು ಪ್ರದರ್ಶನದ ವಸ್ತುವಾಗಿ ಕಾಣುತ್ತವೆಯೋ, ಚಿಂತನೆಯ ಆಕರವಾಗಿ ಕಾಣುತ್ತವೆಯೋ ಎಂಬುದರ ಮೇಲೆ ಮಾನವತಾವಾದಿ ಶಿಕ್ಷಣದ ಅರ್ಥ ಇಂದಿಗೂ ನಿಂತಿದೆ.