ಅರಗಿನ ತಟ್ಟೆಯಲ್ಲಿ ಉಳಿದ ನಾದ



ಬರೆದದ್ದು ಉಳಿಯುತ್ತದೆ, ಹಾಡಿದ್ದು ಅಳಿಯುತ್ತದೆ ಎಂಬುದು ಬಹುಕಾಲದವರೆಗೆ ಲೋಕದ ನಿಯಮವಾಗಿತ್ತು. ಕಲ್ಲಿನಲ್ಲಿ ಕೊರೆದ ಶಾಸನವೂ ತಾಳೆಗರಿಯ ಮೇಲೆ ಕಂಟದಿಂದ ಬರೆದ ಅಕ್ಷರವೂ ಶತಮಾನಗಳನ್ನು ದಾಟಿ ನಮ್ಮ ಕೈಸೇರಿವೆ. ಆದರೆ ಹನ್ನೆರಡನೆಯ ಶತಮಾನದ ಶರಣರು ತಮ್ಮ ವಚನಗಳನ್ನು ಯಾವ ಕಂಠದಿಂದ, ಯಾವ ಏರಿಳಿತದಿಂದ ನುಡಿದರೆಂಬುದನ್ನು ಹೇಳಬಲ್ಲವರು ಇಂದು ಯಾರೂ ಇಲ್ಲ. ಅಕ್ಷರ ಉಳಿಯಿತು, ನಾದ ಗಾಳಿಯಲ್ಲಿ ಲೀನವಾಯಿತು. ಈ ನಿಯಮವನ್ನು ಮುರಿದದ್ದು 1877ರಲ್ಲಿ ಅಮೆರಿಕದ ಥಾಮಸ್ ಎಡಿಸನ್ ರಚಿಸಿದ ಫೋನೋಗ್ರಾಫ್ ಯಂತ್ರ. ಹತ್ತು ವರ್ಷಗಳ ತರುವಾಯ, 1887ರಲ್ಲಿ, ಜರ್ಮನಿಯ ಹ್ಯಾನೋವರ್ ನಗರದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಎಮಿಲ್ ಬರ್ಲಿನರ್ ಎಂಬಾತನು ಉರುಳೆಯನ್ನು ಬಿಟ್ಟು ಚಪ್ಪಟೆಯಾದ ತಟ್ಟೆಯ ಮೇಲೆ ಧ್ವನಿಯನ್ನು ಕೊರೆಯುವ ಉಪಾಯವನ್ನು ಕಂಡುಹಿಡಿದನು. ಒಂದು ಅಚ್ಚಿನಿಂದ ಸಾವಿರಾರು ತಟ್ಟೆಗಳನ್ನು ಒತ್ತಿ ತೆಗೆಯಲು ಬರುವಂತಾದುದರಿಂದ ಹಾಡು ಮನೆಮನೆಗೆ ಹೋಗುವ ವಸ್ತುವಾಯಿತು. ನಮ್ಮ ಹಿರಿಯರು ‘ಪ್ಲೇಟು’ ಎಂದು ಕರೆಯುತ್ತಿದ್ದ ಗ್ರಾಮಾಫೋನ್ ತಟ್ಟೆಯ ಜನ್ಮವೃತ್ತಾಂತ ಇದು.

ಈ ತಟ್ಟೆಗಳು ನಮ್ಮ ನಾಡಿಗೆ ಬಂದ ಬಗೆ, ಅವು ಉಳಿಸಿದ್ದು, ಉಳಿಸಲಾರದೆ ಹೋದದ್ದು, ಅವುಗಳನ್ನು ಕೂಡಿಹಾಕಿ ನುಡಿಸುವವರ ಕಷ್ಟಸುಖ ಇವುಗಳನ್ನು ತಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಹಾಡು ಬಂದಿಯಾದ ದಿನ

ಭಾರತೀಯರ ಧ್ವನಿ ಮೊದಲು ತಟ್ಟೆಯನ್ನು ಸೇರಿದ್ದು ಭಾರತದಲ್ಲಲ್ಲ. 1899ರಲ್ಲಿ ಲಂಡನ್ನಿನಲ್ಲಿದ್ದ ಕೆಲವರು ಅಲ್ಲಿಯ ಗ್ರಾಮಾಫೋನ್ ಕಂಪನಿಗಾಗಿ ನಮ್ಮ ಭಾಷೆಗಳಲ್ಲಿ ಹಾಡಿ, ಓದಿ ಧ್ವನಿಮುದ್ರಣ ಮಾಡಿಸಿದರು. ಆ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಯಂತ್ರಸಾಮಗ್ರಿಯೊಡನೆ ಕಲಕತ್ತೆಗೆ ಬಂದದ್ದು 1902ರಲ್ಲಿ. ಆ ವರ್ಷದ ನವೆಂಬರ್ ತಿಂಗಳಿನಲ್ಲಿ ಆತನ ಕಹಳೆಯ ಮುಂದೆ ನಿಂತು ಹಾಡಿದವರಲ್ಲಿ ಗೌಹರ್ ಜಾನ್ ಪ್ರಸಿದ್ಧಳಾದವಳು. ಹಾಡು ಮುಗಿಯುತ್ತಲೇ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಕೂಗಿ ಹೇಳುತ್ತಾಳೆ. ಕೇಳಿದವರು ಇದನ್ನು ಗಾಯಕಿಯ ಗರ್ವವೆಂದು ತಿಳಿದದ್ದುಂಟು. ನಿಜವಾದ ಕಾರಣ ಬೇರೆ. ಮೇಣದ ಮೇಲೆ ಕೊರೆದ ಮೂಲಮುದ್ರಿಕೆಗಳು ಹಡಗಿನಲ್ಲಿ ಹ್ಯಾನೋವರಿಗೆ ಹೋಗಿ, ಅಲ್ಲಿ ತಟ್ಟೆಗಳಾಗಿ ಮರಳಿ ಬರಬೇಕಾಗಿತ್ತು. ನಮ್ಮ ಭಾಷೆಯನ್ನರಿಯದ ಅಲ್ಲಿಯ ಕೆಲಸಗಾರರಿಗೆ ಹಾಡಿದವರಾರೆಂಬುದು ತಿಳಿಯಲೆಂದು ಈ ಏರ್ಪಾಡು.

ಆ ಕಾಲದಲ್ಲಿ ಮೈಕು ಇರಲಿಲ್ಲ. ಗಾಯಕನು ದೊಡ್ಡ ಕಹಳೆಯೊಳಗೆ ಮುಖವಿಟ್ಟಂತೆ ನಿಂತು ಗಂಟಲೆತ್ತಿ ಹಾಡಬೇಕು; ಆ ಧ್ವನಿಯ ಬಲದಿಂದಲೇ ಸೂಜಿ ಕಂಪಿಸಿ ಮೇಣವನ್ನು ಕೊರೆಯಬೇಕು. ವಿದ್ಯುತ್ತಿನಿಂದ ಧ್ವನಿಮುದ್ರಣ ಮಾಡುವ ಪದ್ಧತಿ ಬಂದದ್ದು 1925ರಲ್ಲಿ. ಆ ಮೇಲೆಯೇ ಮೆಲುದನಿಗೂ ತಂಬೂರಿಯ ಝೇಂಕಾರಕ್ಕೂ ತಟ್ಟೆಯಲ್ಲಿ ಎಡೆ ದೊರೆಯಿತು. ಆದರೂ ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷಗಳ ಹಾಡು ಮಾತ್ರ ಹಿಡಿಸುತ್ತಿತ್ತು. ಒಂದು ರಾಗವನ್ನು ಗಂಟೆಗಟ್ಟಲೆ ಬೆಳೆಸುವ ವಿದ್ವಾಂಸರು ಅದರ ಸಾರವನ್ನೆಲ್ಲ ಮೂರು ನಿಮಿಷಗಳಲ್ಲಿ ಹಿಂಡಿ ಕೊಡಬೇಕಾಯಿತು. ಸಾಗರವನ್ನು ಗಿಂಡಿಯಲ್ಲಿ ತುಂಬುವ ಈ ಕೆಲಸವನ್ನು ಕೆಲವರು ಅವಮಾನವೆಂದೆಣಿಸಿದರು. ಕೆಲವರು ಅದನ್ನೇ ಒಂದು ಕಲೆಯಾಗಿಸಿದರು.

ಗೌಹರ್ ಜಾನಳ ಬದುಕಿನ ಕೊನೆಯ ಅಂಕ ನಡೆದದ್ದು ನಮ್ಮ ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು 1928ರಲ್ಲಿ ಆಕೆಯನ್ನು ಆಸ್ಥಾನ ವಿದುಷಿಯನ್ನಾಗಿ ನೇಮಿಸಿದರು. 1930ರ ಜನವರಿ 17ರಂದು ಆಕೆ ಅಲ್ಲಿಯೇ ಕಣ್ಮುಚ್ಚಿದಳು. ಆಕೆ ಇಂದಿಗೂ ಹಾಡುತ್ತಿರುವುದು ಹಳೆಯ ತಟ್ಟೆಗಳಲ್ಲಿ.

ನಮ್ಮ ನಾಡಿನ ಕಂಠಗಳು

ಧಾರವಾಡದ ಸುತ್ತಣ ಸೀಮೆಯು ಹಿಂದೂಸ್ತಾನಿ ಸಂಗೀತಕ್ಕೆ ತವರಾದುದರಲ್ಲಿ ಗ್ರಾಮಾಫೋನಿನ ಪಾಲು ಸಣ್ಣದಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಉಸ್ತಾದ್ ಅಬ್ದುಲ್ ಕರೀಂ ಖಾನರ ಠುಮ್ರಿಯೊಂದನ್ನು ಅಂಗಡಿಯ ಗ್ರಾಮಾಫೋನಿನಲ್ಲಿ ಕೇಳಿ ಮರುಳಾದ ಗದಗಿನ ಹನ್ನೊಂದು ವರ್ಷದ ಬಾಲಕನೊಬ್ಬನು, ಅಂತಹ ಹಾಡನ್ನು ಕಲಿಸಬಲ್ಲ ಗುರುವನ್ನರಸಿ 1933ರಲ್ಲಿ ಮನೆಬಿಟ್ಟು ಹೊರಟನು. ಮುಂದೆ ಆತನೇ ಪಂಡಿತ ಭೀಮಸೇನ ಜೋಶಿ ಎಂದು ಲೋಕವಿಖ್ಯಾತನಾದನು. ಬೆಳಗಾವಿಯ ಬಳಿಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠನೆಂಬ ಬಾಲಕನು ತಟ್ಟೆಗಳಲ್ಲಿ ಕೇಳಿದ ಹಿರಿಯ ಗಾಯಕರ ಹಾಡನ್ನು ಯಥಾವತ್ತಾಗಿ ಹಾಡಿ ಕೇಳುಗರನ್ನು ಬೆರಗುಗೊಳಿಸುತ್ತಿದ್ದನು. ಆ ಪ್ರತಿಭೆಯನ್ನು ಕಂಡು ಮಠಾಧೀಶರೊಬ್ಬರು ಅವನಿಗಿತ್ತ ಬಿರುದೇ ‘ಕುಮಾರ ಗಂಧರ್ವ’. ಬಿರುದೇ ಹೆಸರಾಗಿ ನಿಂತಿತು.

ಗಂಗೂಬಾಯಿ ಹಾನಗಲ್ಲರ ವೃತ್ತಾಂತ ಇನ್ನೂ ವಿಶಿಷ್ಟವಾದುದು. ಎಳೆವಯಸ್ಸಿನಲ್ಲಿ ಗ್ರಾಮಾಫೋನಿನ ದನಿ ಕಿವಿಗೆ ಬಿದ್ದರೆ ಸಾಕು, ಬೀದಿಗೋಡಿ ಕೇಳುತ್ತಿದ್ದ ಆಕೆ 1930ರ ದಶಕದ ಆರಂಭದಲ್ಲಿ ಮುಂಬಯಿಗೆ ಹೋಗಿ ‘ಗಾಂಧಾರಿ’ ಎಂಬ ಹೆಸರಿನಿಂದ ತಾವೇ ತಟ್ಟೆಗಳಿಗೆ ಹಾಡಿದರು. ನಾವೆಲ್ಲ ಬಲ್ಲ ಗಂಗೂಬಾಯಿಯವರ ಕಂಠ ಗಂಡುದನಿಯಂತೆ ಗಂಭೀರವಾದುದು. ಅದು ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಬಂದ ಧ್ವನಿ. ಅದಕ್ಕೆ ಮೊದಲು ಅವರ ಕಂಠ ಎಳೆಯದಾಗಿ, ತೆಳುವಾಗಿ, ತಾರಸ್ಥಾಯಿಯಲ್ಲಿ ಲೀಲಾಜಾಲವಾಗಿ ವಿಹರಿಸುತ್ತಿತ್ತು. ಆ ಮೊದಲ ಕಂಠಕ್ಕೆ ಇಂದು ಉಳಿದಿರುವ ಸಾಕ್ಷಿಯೆಂದರೆ ಅರಗಿನ ಆ ಹಳೆಯ ತಟ್ಟೆಗಳು. ಅವು ಒಡೆದರೆ ಒಬ್ಬ ಮಹಾಗಾಯಕಿಯ ತಾರುಣ್ಯವೇ ಅಳಿದಂತೆ.

ವಚನಗಳಿಗೆ ಹಿಂದೂಸ್ತಾನಿ ರಾಗಗಳ ಉಡುಗೆ ತೊಡಿಸಿ ಮನೆಮನೆಗೆ ಮುಟ್ಟಿಸಿದ ಪಂಡಿತ ಮಲ್ಲಿಕಾರ್ಜುನ ಮನಸೂರರೂ (1910–1992) 1930ರ ದಶಕದಲ್ಲಿಯೇ ಗ್ರಾಮಾಫೋನಿಗೆ ಹಾಡಿದವರು. ಮಿರಜಿನ ನೀಲಕಂಠಬುವಾ ಅವರಿಂದ ಗ್ವಾಲಿಯರ್ ಪದ್ಧತಿಯನ್ನು ಕಲಿತು, ಅನಂತರ ಉಸ್ತಾದ್ ಅಲ್ಲಾದಿಯಾ ಖಾನರ ಪುತ್ರರಾದ ಮಂಜೀ ಖಾನ್, ಭೂರ್ಜೀ ಖಾನರಿಂದ ಜಯಪುರ ಪರಂಪರೆಯ ವಿದ್ಯೆಯನ್ನು ಪಡೆದ ಅವರ ಗಾಯನ ಬೆಳೆದು ಬಂದ ಹಾದಿಯನ್ನು ಅರಿಯಬಯಸುವವರಿಗೆ ಅವರ ಎಳೆಹರೆಯದ ತಟ್ಟೆಗಳು ಶಾಸನಗಳಂತಿವೆ.

ಇನ್ನು ಕಳೆದುಹೋದುದರ ಲೆಕ್ಕ. ಜಯಪುರ ಪರಂಪರೆಯ ಮೂಲಪುರುಷರಾದ ಅಲ್ಲಾದಿಯಾ ಖಾನರು 1946ರವರೆಗೂ ಬದುಕಿದ್ದರು. ಗ್ರಾಮಾಫೋನು ಭಾರತಕ್ಕೆ ಬಂದು ಅಷ್ಟರಲ್ಲಿ ನಾಲ್ಕು ದಶಕಗಳು ಕಳೆದಿದ್ದವು. ಆದರೂ ಅವರು ತಟ್ಟೆಗೆ ಹಾಡಲಿಲ್ಲ. ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತ ಕಲಿಸಿದ, 1922ರಲ್ಲಿ ತೀರಿಕೊಂಡ ಭಾಸ್ಕರಬುವಾ ಬಖಲೆಯವರ ಧ್ವನಿಯೂ ಉಳಿದಿಲ್ಲ. ಕಷ್ಟದಿಂದ ಗಳಿಸಿದ ವಿದ್ಯೆಯನ್ನು ಕಾಸು ಕೊಟ್ಟವರೆಲ್ಲರೂ ಕದ್ದು ಕಲಿತಾರೆಂಬ ಆತಂಕ ಆ ಕಾಲದ ಹಲವು ಗವಾಯಿಗಳಲ್ಲಿತ್ತು. ಗುರುಮುಖದಿಂದಲ್ಲದೆ ವಿದ್ಯೆ ಬರಬಾರದೆಂಬ ಅವರ ನಿಷ್ಠೆಯನ್ನು ನಾವು ಹಳಿಯಲಾಗದು. ಆದರೆ ಆ ನಿಷ್ಠೆಗೆ ತೆತ್ತ ಬೆಲೆ ಎಷ್ಟೆಂಬುದು ಅವರನ್ನು ಕೇಳಲಾರದ ನಮಗೆ ಮಾತ್ರ ಗೊತ್ತು.

ಸಂಗ್ರಹಕಾರನ ಸಾಧನೆ

ಹಳೆಯ ತಟ್ಟೆಗಳನ್ನು ಕೂಡಿಹಾಕುವುದು ಸುಲಭವಾದ ಹವ್ಯಾಸವೆಂದು ತಾವು ಭಾವಿಸಬಾರದು. ಮೊದಲನೆಯ ಕಷ್ಟ ಅದರ ದ್ರವ್ಯದಲ್ಲಿಯೇ ಇದೆ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಗಳು ಅರಗಿನಿಂದ ಆದವು. ಮುತ್ತುಗ, ಬೋರೆ ಮುಂತಾದ ಮರಗಳ ಮೇಲೆ ಬದುಕುವ ಪುಟ್ಟ ಕೀಟಗಳು ಸ್ರವಿಸುವ ಈ ಅರಗಿಗೆ ಛೋಟಾ ನಾಗಪುರದ ಕಾಡುಗಳು ಹೆಸರಾದವು. ಭಾರತದ ಅರಗೇ ಪ್ರಪಂಚದ ಬಹುಪಾಲು ಹಾಡುಗಳನ್ನು ಹೊತ್ತದ್ದು ನಾವು ಮರೆತಿರುವ ಒಂದು ಸಂಗತಿ. ಎರಡನೆಯ ಮಹಾಯುದ್ಧದಲ್ಲಿ ಅರಗಿನ ಅಭಾವವಾದಾಗ ಅಮೆರಿಕ, ಬ್ರಿಟನ್ನುಗಳಲ್ಲಿ ಹಳೆಯ ತಟ್ಟೆಗಳನ್ನು ಜನರಿಂದ ಕೂಡಿಸಿ, ಪುಡಿಮಾಡಿ, ಹೊಸ ತಟ್ಟೆಗಳನ್ನು ಒತ್ತಿದರು. ಹೀಗೆ ಒಂದು ಹಾಡು ಬದುಕಲು ಇನ್ನೊಂದು ಹಾಡು ಸಾಯಬೇಕಾಯಿತು.

ಅರಗಿನ ತಟ್ಟೆ ಗಾಜಿನಂತೆ, ಕೈಜಾರಿದರೆ ಚೂರುಚೂರು. ಅರಗಿನೊಡನೆ ಕಲ್ಲಿನ ಪುಡಿಯನ್ನು ಬೆರೆಸಿರುತ್ತಿದ್ದರಾದ್ದರಿಂದ ಉಕ್ಕಿನ ಸೂಜಿ ಅದರ ಗೀರಿನಲ್ಲಿ ಓಡುತ್ತ ಸವೆಯುತ್ತಿತ್ತು. ಒಂದು ಮಗ್ಗುಲಿಗೆ ಒಂದು ಸೂಜಿ ಎಂಬುದು ಕಟ್ಟಳೆ. ಸೂಜಿಗೆ ಜಿಪುಣತನ ಮಾಡಿ ಹಳೆಯದನ್ನೇ ಓಡಿಸಿದ ಮನೆಗಳಲ್ಲಿ ತಟ್ಟೆಗಳೇ ಸವೆದು, ಹಾಡಿಗಿಂತ ಕೊರಕೊರ ಸದ್ದೇ ಹೆಚ್ಚಾಯಿತು. ಕೊಳೆಯಾದ ಅರಗಿನ ತಟ್ಟೆಯನ್ನು ಸ್ಪಿರಿಟ್ಟಿನಿಂದ ಒರೆಸಿದರೆ ಅರಗೇ ಕರಗಿ ಹಾಡು ಅಳಿಸಿಹೋಗುತ್ತದೆ. ಇದನ್ನರಿಯದೆ ಹಾಳುಮಾಡಿಕೊಂಡ ಅಮಾಯಕರೂ ಉಂಟು.

1948ರಲ್ಲಿ ಅಮೆರಿಕದ ಕೊಲಂಬಿಯ ಕಂಪನಿಯು ವಿನೈಲ್ ಎಂಬ ಪ್ಲಾಸ್ಟಿಕ್ಕಿನಿಂದ ನಿಮಿಷಕ್ಕೆ ಮೂವತ್ತಮೂರೂ ಮೂರನೆಯ ಒಂದು ಸುತ್ತು ತಿರುಗುವ ಎಲ್.ಪಿ. ತಟ್ಟೆಯನ್ನು ಹೊರತಂದಿತು. ಅದರ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಗಳಿಗೂ ಮೀರಿದ ಹಾಡು ಹಿಡಿಸುತ್ತದೆ. ರಾಗಕ್ಕೆ ಉಸಿರಾಡಲು ಜಾಗ ದೊರೆತದ್ದು ಆಗ. ಆದರೂ ಅರಗಿನ ತಟ್ಟೆಗಳು ನಮ್ಮಲ್ಲಿ ಬೇಗನೆ ಮರೆಯಾಗಲಿಲ್ಲ. ಅನ್ಯದೇಶಗಳು ಅವನ್ನು ಕೈಬಿಟ್ಟ ಮೇಲೆಯೂ ಕಲಕತ್ತೆಯ ಡಂಡಂ ಕಾರ್ಖಾನೆಯಲ್ಲಿ 1960ರ ದಶಕದಲ್ಲಿ ಅವನ್ನು ಒತ್ತುತ್ತಿದ್ದರು. ಇಂಗ್ಲೆಂಡಿನ ಬೀಟಲ್ಸ್ ಗಾಯಕರ ಹಾಡುಗಳು ಕೂಡ ಇಲ್ಲಿ 78 ಸುತ್ತಿನ ತಟ್ಟೆಗಳಾಗಿ ಬಂದವೆಂದರೆ ಇಂದಿನ ತರುಣರು ನಂಬಲಾರರು. ವಿನೈಲ್ ತಟ್ಟೆ ಒಡೆಯದು. ಆದರೆ ಬಿಸಿಲಿಗೆ ಸೊಟ್ಟಗಾಗುತ್ತದೆ, ಧೂಳನ್ನು ತನ್ನೆಡೆಗೆ ಸೆಳೆದುಕೊಳ್ಳುತ್ತದೆ, ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಎರಡು ಬಗೆಯ ತಟ್ಟೆಗಳನ್ನೂ ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿಡಬೇಕೇ ಹೊರತು ಒಂದರ ಮೇಲೊಂದು ಪೇರಿಸಬಾರದು. ಎಲ್.ಪಿ.ಯ ಗೀರಿಗೆ ಬೇಕಾದ ಸೂಜಿಯ ಮೊನೆ 78ರ ಗೀರಿಗೆ ಬೇಕಾದುದಕ್ಕಿಂತ ಬಹು ಸಣ್ಣದು; ಒಂದರ ಸೂಜಿಯನ್ನು ಇನ್ನೊಂದಕ್ಕೆ ಬಳಸಿದರೆ ಎರಡಕ್ಕೂ ಕೇಡು.

ಇನ್ನೊಂದು ಸೂಕ್ಷ್ಮ ಸಂಗತಿ. ಆದಿಕಾಲದ ತಟ್ಟೆಗಳೆಲ್ಲವೂ ಸರಿಯಾಗಿ 78 ಸುತ್ತಿನವಲ್ಲ. ವೇಗದಲ್ಲಿ ನಾಲ್ಕೈದು ಸುತ್ತುಗಳ ವ್ಯತ್ಯಾಸವಾದರೆ ಗಾಯಕನ ಶ್ರುತಿ ಹೆಚ್ಚುಕಡಿಮೆ ಒಂದು ಸ್ವರಸ್ಥಾನದಷ್ಟು ಸರಿದುಬಿಡುತ್ತದೆ. ಕಂಠದ ಗುಣವೇ ಬದಲಾಗಿ ಪ್ರೌಢ ಗಾಯಕನು ಬಾಲಕನಂತೆ ಕೇಳಿಸಬಹುದು. ಆದುದರಿಂದ ಬಲ್ಲ ಸಂಗ್ರಹಕಾರನು ಗಾಯಕನ ನಿಜವಾದ ಶ್ರುತಿ ಯಾವುದಿದ್ದೀತೆಂದು ಊಹಿಸಿ, ಹಾರ್ಮೋನಿಯಂ ಜೊತೆ ಹೋಲಿಸಿ, ವೇಗವನ್ನು ತಿದ್ದಿಕೊಳ್ಳುತ್ತಾನೆ. ತಟ್ಟೆಗಳ ಮೇಲೆ ತೇದಿ ನಮೂದಾಗಿರುವುದು ಅಪರೂಪ. ನಡುವಣ ಚೀಟಿಯ ಅಂಚಿನಲ್ಲಿ ಕೊರೆದ ಸಂಖ್ಯೆಯನ್ನು ಹಳೆಯ ಕ್ಯಾಟಲಾಗುಗಳೊಡನೆ ಹೊಂದಿಸಿ ಕಾಲನಿರ್ಣಯ ಮಾಡಬೇಕು. ಶಾಸನತಜ್ಞನ ಕೆಲಸಕ್ಕೂ ಇದಕ್ಕೂ ಏನು ವ್ಯತ್ಯಾಸ? ಆಸ್ಟ್ರೇಲಿಯದ ಮೈಕೇಲ್ ಕಿನಿಯರ್ ಎಂಬವರು ನಮ್ಮ ದೇಶದ ಮೊದಲ ಧ್ವನಿಮುದ್ರಣಗಳ ಪಟ್ಟಿಯನ್ನು ಹೀಗೆ ಶ್ರಮಪಟ್ಟು ಸಿದ್ಧಪಡಿಸಿ 1994ರಲ್ಲಿ ಪ್ರಕಟಿಸಿದರು. ಮುಂಬಯಿಯಲ್ಲಿ 1990ರಲ್ಲಿ ಭಾರತೀಯ ಧ್ವನಿಮುದ್ರಿಕೆ ಸಂಗ್ರಾಹಕರ ಸಂಘವೂ ಹುಟ್ಟಿಕೊಂಡಿತು.

ಇಷ್ಟೆಲ್ಲ ಕಷ್ಟದ ಫಲವೇನೆಂದು ತಾವು ಕೇಳಬಹುದು. ಇಂದು ಗುಂಡಿಯೊತ್ತಿದರೆ ಕೈಯೊಳಗಿನ ಯಂತ್ರದಲ್ಲಿ ಸಾವಿರ ಹಾಡುಗಳು ಹರಿದುಬರುತ್ತವೆ. ಆದರೆ ಎಷ್ಟು ಸುಲಭವಾಗಿ ಬರುತ್ತವೆಯೋ ಅಷ್ಟೇ ಸುಲಭವಾಗಿ ಕಿವಿಯಿಂದ ಜಾರಿಹೋಗುತ್ತವೆ. ತಟ್ಟೆಯನ್ನು ನುಡಿಸುವವನು ಅದನ್ನು ಲಕೋಟೆಯಿಂದ ಅಂಚು ಹಿಡಿದು ತೆಗೆಯಬೇಕು, ಧೂಳೊರೆಸಬೇಕು, ಚಾವಿ ಕೊಡಬೇಕು, ಸೂಜಿ ಬದಲಿಸಬೇಕು, ಆಮೇಲೆ ಕುಳಿತು ಕೇಳಬೇಕು. ಮೂರು ನಿಮಿಷಗಳ ಹಾಡಿಗಾಗಿ ಮಾಡುವ ಈ ಸಿದ್ಧತೆಯು ಮನಸ್ಸನ್ನು ಒಂದೆಡೆ ನಿಲ್ಲಿಸುತ್ತದೆ. ಕಾಯಕದಿಂದ ದೊರೆತದ್ದು ರುಚಿಸುತ್ತದೆ ಎಂಬ ಮಾತು ಕೇಳುವಿಕೆಗೂ ಸಲ್ಲುತ್ತದೆ. ವಿದೇಶಗಳ ತರುಣರೂ ಇದನ್ನು ಮನಗಂಡಂತಿದೆ. ಅಮೆರಿಕದಲ್ಲಿ 2022ರಲ್ಲಿ ವಿನೈಲ್ ತಟ್ಟೆಗಳು ಸಿ.ಡಿ.ಗಳಿಗಿಂತ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾದವು. 1987ರ ತರುವಾಯ ಹೀಗಾದದ್ದು ಅದೇ ಮೊದಲು.

ವಾಚಕರಲ್ಲಿ ಬಿನ್ನಹ

ಫ. ಗು. ಹಳಕಟ್ಟಿಯವರು ಊರೂರು ಅಲೆದು ವಚನಗಳ ತಾಳೆಗರಿಯ ಕಟ್ಟುಗಳನ್ನು ಕೂಡಿಸದೆ ಇದ್ದಿದ್ದರೆ ಎಷ್ಟೋ ವಚನಗಳು ಗೆದ್ದಲಿನ ಪಾಲಾಗುತ್ತಿದ್ದವು. ಮನೆಯವರಿಗೆ ಅವು ಓದಲು ಬಾರದ ಹಳೆಯ ಗರಿಗಳು. ಅವರಿಗೆ ಅವೇ ನಿಧಿ. ಇಂದು ನಮ್ಮ ಅಟ್ಟಗಳ ಮೇಲೆ ಮೂಲೆಗುಂಪಾಗಿರುವ ತಟ್ಟೆಗಳ ಸ್ಥಿತಿಯೂ ಅದೇ ಆಗಿದೆ. ಮನೆ ಕೆಡವುವಾಗ, ಪಾಲಾಗುವಾಗ, ಹಿರಿಯರು ತೀರಿಕೊಂಡಾಗ ಅವು ಗುಜರಿಯವನ ಗಾಡಿ ಸೇರುತ್ತವೆ. ಅವುಗಳಲ್ಲಿ ಹಳೆಯ ನಾಟಕ ಕಂಪನಿಗಳ ಹಾಡಿರಬಹುದು, ಹೆಸರು ಮರೆತುಹೋದ ಗಾಯಕಿಯೊಬ್ಬಳ ಭಕ್ತಿಗೀತೆ ಇರಬಹುದು, ಬೇರೆಲ್ಲಿಯೂ ಪ್ರತಿಯಿಲ್ಲದ ಕಂಠವೇ ಇರಬಹುದು.

ಆದುದರಿಂದ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ: ಅಟ್ಟದ ಮೇಲಿನ ಪೆಟ್ಟಿಗೆಯನ್ನು ಒಮ್ಮೆ ಇಳಿಸಿ ನೋಡಿರಿ. ತಟ್ಟೆಗಳಿದ್ದರೆ ಚೀಟಿಯ ಮೇಲಿನ ಹೆಸರನ್ನೂ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿರಿ. ಬಲ್ಲವರಿಗೆ ತೋರಿಸದೆ ಹಳೆಯ ಸೂಜಿಯಿಂದ ನುಡಿಸಬೇಡಿರಿ. ಮಾರುವ ಮುನ್ನ ಪ್ರತಿಯೊಂದನ್ನು ಮಾಡಿಸಿಡಿರಿ.

ಕಡೆಯದಾಗಿ ಒಂದು ಸಂಗತಿಯನ್ನು ನಿವೇದಿಸುತ್ತೇವೆ. 1977ರಲ್ಲಿ ಅಮೆರಿಕದವರು ಹಾರಿಸಿದ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪವಿರುವ ತಾಮ್ರದ ಒಂದೊಂದು ಗ್ರಾಮಾಫೋನ್ ತಟ್ಟೆಯನ್ನು ಇಟ್ಟಿದ್ದಾರೆ. ನುಡಿಸಲು ಸೂಜಿಯೂ ಜೊತೆಗಿದೆ. ಅದರಲ್ಲಿ ಭಾರತದಿಂದ ಆಯ್ದ ಹಾಡು ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ. ಆಕೆ ತಟ್ಟೆಗೆ ಹಾಡದೆ ಹೋದ ಅಲ್ಲಾದಿಯಾ ಖಾನರ ಶಿಷ್ಯೆ. ಐವತ್ತೈದು ಭಾಷೆಗಳ ಶುಭಾಶಯಗಳೂ ಅದರಲ್ಲಿವೆ; ಅವುಗಳಲ್ಲಿ ನಮ್ಮ ಕನ್ನಡವೂ ಒಂದು. ಗುರುವಿನ ಧ್ವನಿ ಭೂಮಿಯ ಮೇಲೆ ಎಲ್ಲಿಯೂ ಇಲ್ಲ; ಶಿಷ್ಯೆಯ ಧ್ವನಿ ನಕ್ಷತ್ರಗಳ ನಡುವೆ ಸಾಗಿದೆ. ಒಂದು ತಟ್ಟೆ ಇದ್ದುದಕ್ಕೂ ಇಲ್ಲದುದಕ್ಕೂ ಇರುವ ಅಂತರ ಇಷ್ಟು. ಅಟ್ಟದ ಮೇಲಿನ ಪೆಟ್ಟಿಗೆಯನ್ನು ಗುಜರಿಗೆ ಕೊಡುವ ಮುನ್ನ ವಾಚಕರು ಇದನ್ನು ನೆನೆಯಲಿ.